ಪಿತ್ತನಾಳದ ದೊಡ್ಡ ಕಲ್ಲು: ಒಡೆಯುವುದೋ, ದಾರಿ ಅಗಲಿಸುವುದೋ?

ಪಿತ್ತಕೋಶದಲ್ಲಿ ವರ್ಷಗಟ್ಟಲೆ ತೆಪ್ಪಗಿದ್ದ ಕಲ್ಲು ಜಾರಿ ಪಿತ್ತನಾಳಕ್ಕೆ ಇಳಿಯಿತೆಂದರೆ ಕಥೆಯೇ ಬೇರೆ. ಪಿತ್ತರಸದ ಹರಿವು ಕಟ್ಟಿ ಕಣ್ಣು ಹಳದಿಯಾಗುತ್ತದೆ, ಮೂತ್ರದ ಬಣ್ಣ ಗಾಢವಾಗುತ್ತದೆ. ಸೋಂಕು ತಗುಲಿದರೆ ನಡುಗಿಸುವ ಚಳಿಜ್ವರ. ಕಾಮಾಲೆ ಎಂದೊಡನೆ ಹಳ್ಳಿಮದ್ದು ಹುಡುಕಿ ಹೊರಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಕಲ್ಲು ಅಡ್ಡ ನಿಂತು ಬಂದ ಕಾಮಾಲೆಗೆ ಯಾವ ಸೊಪ್ಪಿನ ರಸವೂ ದಾರಿ ಬಿಡಿಸದು. ನಾಳದಲ್ಲಿ ಕೀವು ತುಂಬುವವರೆಗೆ ಕಾದರೆ ಜೀವಕ್ಕೇ ಅಪಾಯ.

ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ಪಿತ್ತನಾಳವು ಸಣ್ಣಕರುಳಿಗೆ ತೆರೆದುಕೊಳ್ಳುವಲ್ಲಿರುವ ಸ್ನಾಯುವನ್ನು ಸೀಳುವ ವಿಧಾನವನ್ನು 1974ರಲ್ಲಿ ಜರ್ಮನಿ ಮತ್ತು ಜಪಾನಿನ ವೈದ್ಯರು ಪ್ರಕಟಿಸಿದರು. ಇಂದಿನ ಇಆರ್‌ಸಿಪಿ ಚಿಕಿತ್ಸೆಗೆ ಅದೇ ಬುನಾದಿ. ಸಣ್ಣ ಕಲ್ಲಾದರೆ ಹೀಗೆ ಸೀಳಿ, ಬಲೂನಿನಿಂದಲೋ ತಂತಿಬುಟ್ಟಿಯಿಂದಲೋ ಎಳೆದು ತೆಗೆಯುತ್ತಾರೆ. ಕಲ್ಲು 15 ಮಿಲಿಮೀಟರ್ ದಾಟಿದರೆ ತೊಡಕು ಶುರು. ಇನ್ನಷ್ಟು ಉದ್ದಕ್ಕೆ ಸೀಳೋಣವೆಂದರೆ ರಕ್ತಸ್ರಾವದ ಭಯ, ಕರುಳು ತೂತಾಗುವ ಭಯ.

2003ರಲ್ಲಿ ವರದಿಯಾದ ಒಂದು ಉಪಾಯ ಈ ಇಕ್ಕಟ್ಟಿಗೆ ಉತ್ತರವಾಯಿತು: ಸ್ವಲ್ಪವೇ ಸೀಳಿ, ಆಮೇಲೆ 12ರಿಂದ 20 ಮಿಲಿಮೀಟರ್‌ವರೆಗಿನ ದೊಡ್ಡ ಬಲೂನನ್ನು ನಿಧಾನವಾಗಿ ಉಬ್ಬಿಸಿ ನಾಳದ ಬಾಯಿಯನ್ನು ಹಿಗ್ಗಿಸುವುದು. ಎಷ್ಟೋ ಕಲ್ಲುಗಳು ಒಡೆಯುವ ಗೋಜಿಲ್ಲದೆ ಇಡಿಯಾಗಿ ಹೊರಬರುತ್ತವೆ. ಯುರೋಪಿನ ಎಂಡೋಸ್ಕೋಪಿ ತಜ್ಞರ ಸಂಘದ 2019ರ ಮಾರ್ಗಸೂಚಿಯೂ ಕಷ್ಟದ ಕಲ್ಲುಗಳಿಗೆ ಮೊದಲು ಇದನ್ನೇ ಮಾಡಿ ಎನ್ನುತ್ತದೆ. ನನಗೂ ಅದು ಸರಿಯೆನಿಸುತ್ತದೆ. ಆದರೆ ಇಲ್ಲಿ ಕಲ್ಲಿನ ಗಾತ್ರಕ್ಕಿಂತ ನಾಳದ ಕೆಳತುದಿಯ ಅಗಲ ಮುಖ್ಯ. ನಾಳಕ್ಕಿಂತ ದಪ್ಪವಾಗಿ ಬಲೂನು ಉಬ್ಬಿಸಿದರೆ ನಾಳ ಹರಿದೀತು. ಮೇಲೆ ದೊಡ್ಡ ಕಲ್ಲು, ಕೆಳಗೆ ಕಿರಿದಾದ ನಾಳ ಇದ್ದವರಿಗೆ ಬಲೂನು ತಕ್ಕದ್ದಲ್ಲ. ಅಂಥವರಲ್ಲಿ ಕಲ್ಲನ್ನು ಒಳಗೇ ಒಡೆಯಬೇಕು.

ಒಡೆಯುವ ಹಳೆಯ ದಾರಿ, ಗಟ್ಟಿ ತಂತಿಬುಟ್ಟಿಯಲ್ಲಿ ಕಲ್ಲನ್ನು ಸಿಕ್ಕಿಸಿ ಬಿಗಿದು ಪುಡಿ ಮಾಡುವುದು. ಖರ್ಚು ಕಡಿಮೆ, ಬಹಳ ಕಡೆ ಸಿಗುತ್ತದೆ. ಆದರೆ ಕಲ್ಲು ತೀರಾ ದೊಡ್ಡದಿದ್ದರೆ ಬುಟ್ಟಿ ಅರಳಲು ಜಾಗವೇ ಇರುವುದಿಲ್ಲ; ಕೆಲವೊಮ್ಮೆ ಕಲ್ಲು ಹಿಡಿದ ಬುಟ್ಟಿಯೇ ಒಳಗೆ ಸಿಲುಕಿಕೊಳ್ಳುತ್ತದೆ. ಹೊಸ ದಾರಿಯಲ್ಲಿ ಪಿತ್ತನಾಳದೊಳಕ್ಕೇ ತೆಳುವಾದ ಕ್ಯಾಮೆರಾ ಕಳಿಸಿ, ಕಲ್ಲನ್ನು ಕಣ್ಣಾರೆ ನೋಡುತ್ತ ಲೇಸರ್‌ನಿಂದ ಅಥವಾ ವಿದ್ಯುತ್ ಕಿಡಿಯ ಆಘಾತದಿಂದ ಒಡೆಯುತ್ತಾರೆ. ದೊಡ್ಡ ಬಲೂನಿಗೂ ಬಗ್ಗದ ಕಲ್ಲುಗಳಿದ್ದ 32 ರೋಗಿಗಳಲ್ಲಿ ಥಾಯ್ಲೆಂಡಿನ ವೈದ್ಯರು ಎರಡನ್ನೂ ಹೋಲಿಸಿ 2019ರಲ್ಲಿ ಪ್ರಕಟಿಸಿದರು: ಲೇಸರ್ ಗುಂಪಿನಲ್ಲಿ ಎಲ್ಲರ ನಾಳವೂ ಶುಚಿಯಾಯಿತು, ಬುಟ್ಟಿಯ ಗುಂಪಿನಲ್ಲಿ ಶೇ 63 ಮಂದಿಯದು. ಚಿಕ್ಕ ಅಧ್ಯಯನವಾದರೂ ಅಂತರ ದೊಡ್ಡದು. ಅಡ್ಡಿ ಬರುವುದು ದುಬಾರಿ ಖರ್ಚು. ಆದ್ದರಿಂದ ಎಲ್ಲರಿಗೂ ಮೊದಲೇ ಲೇಸರ್ ಬೇಕಿಲ್ಲ. ಬಲೂನು ಸೋತವರಿಗೆ ಅದು ಹತ್ತಿರದಲ್ಲೇ ಸಿಗಬೇಕು, ಸರ್ಕಾರಿ ಆಸ್ಪತ್ರೆಯಲ್ಲೂ ಸಿಗಬೇಕು.

ಯಾವ ದಾರಿ ಹಿಡಿದರೂ ಮೇದೋಜೀರಕ ಗ್ರಂಥಿಯ ಉರಿಯೂತದ ಅಪಾಯ ಇದ್ದೇ ಇದೆ. ಅದನ್ನು ತಗ್ಗಿಸಲು ಗುದದ್ವಾರದಲ್ಲಿ ಇಡುವ ಇಂಡೊಮೆಥಾಸಿನ್ ಅಥವಾ ಡೈಕ್ಲೋಫೆನಾಕ್ ಗುಳಿಗೆ ನೆರವಾಗುತ್ತದೆ.

ಒಂದೇ ಸಲಕ್ಕೆ ಕಲ್ಲು ಬಾರದಿದ್ದರೆ ಪಿತ್ತ ಹರಿಯಲೆಂದು ಪ್ಲಾಸ್ಟಿಕ್ ಸ್ಟೆಂಟ್ ಹಾಕಿ ಕಳಿಸುತ್ತಾರೆ. ಕಾಮಾಲೆ ಇಳಿಯುತ್ತದೆ, ಊಟ ಸೇರುತ್ತದೆ, ವಾಸಿಯಾಯಿತೆಂದು ಮನೆಯವರು ಮರೆತುಬಿಡುತ್ತಾರೆ. ಆದರೆ ಕೆಲವೇ ತಿಂಗಳಲ್ಲಿ ಸ್ಟೆಂಟ್ ಕಟ್ಟಿಕೊಂಡು ಮತ್ತೆ ಸೋಂಕು ಏಳುತ್ತದೆ. ಹಾಗಾಗಿ ಡಿಸ್ಚಾರ್ಜ್ ಚೀಟಿಯಲ್ಲಿ ಸ್ಟೆಂಟ್ ತೆಗೆಸುವ ದಿನಾಂಕ ಬರೆದಿದೆಯೇ ಎಂದು ಆಸ್ಪತ್ರೆ ಬಿಡುವ ಮುನ್ನವೇ ಕೇಳಿ, ಬರೆಸಿಕೊಳ್ಳಿ.