ಸತುವಿನ ರಣರಥಗಳು

ಮಹಾಯುದ್ಧಗಳಲ್ಲಿ ಓಡಾಡಿದ ಟ್ಯಾಂಕುಗಳ ಪುಟ್ಟ ಪ್ರತಿಕೃತಿಗಳನ್ನು ಸಂಗ್ರಹಿಸುವ ಹವ್ಯಾಸವು ಬ್ರಿಟನ್, ಫ್ರಾನ್ಸ್ ಮೊದಲಾದ ದೇಶಗಳಲ್ಲಿ ಬಲವಾಗಿ ಬೇರೂರಿದೆ. ಬಾಲಕರ ಆಟಕ್ಕೆಂದು ಹುಟ್ಟಿದ ಈ ವಸ್ತುಗಳು ಇಂದು ಹಿರಿಯರ ಗಾಜಿನ ಬೀರುಗಳಲ್ಲಿ ವಿರಾಜಿಸುತ್ತಿವೆ. ಇವುಗಳ ಅಂದವು ಕಣ್ಣಿಗೆ ಕಾಣುವಂತಹುದು. ಇವುಗಳನ್ನು ಒಳಗಿನಿಂದ ತಿನ್ನುವ ವ್ಯಾಧಿಯಾದರೋ ಕಾಣದಂತಹುದು. ಆ ವಿಚಾರವನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಮೊದಲು ಇವುಗಳ ಉತ್ಪತ್ತಿಯನ್ನು ತಿಳಿಯೋಣ. ಉಕ್ಕಿನಲ್ಲಿ ಕೊರೆದ ಅಚ್ಚಿನೊಳಕ್ಕೆ ಕರಗಿದ ಲೋಹವನ್ನು ಒತ್ತಡದಿಂದ ನುಗ್ಗಿಸುವರು. ಅದು ಒಡನೆಯೇ ಗಟ್ಟಿಯಾಗಿ, ಅಚ್ಚಿನ ಸೂಕ್ಷ್ಮರೇಖೆಗಳೆಲ್ಲವೂ ಅದರ ಮೇಲೆ ಮೂಡುವುವು. ಇದೇ ಡೈಕಾಸ್ಟ್ ಎಂಬ ಎರಕ. ಲೋಹದಲ್ಲಿ ಬಹುಭಾಗ ಸತುವು. ಕೊಂಚ ಅಲ್ಯೂಮಿನಿಯಂ, ಅತ್ಯಲ್ಪ ತಾಮ್ರ ಮತ್ತು ಮೆಗ್ನೀಸಿಯಂ ಅದರೊಡನೆ ಸೇರಿರುವುವು.

ಇಂತಹ ಆಟಿಕೆಗಳಿಗೆ ಲೋಕಪ್ರಸಿದ್ಧಿಯನ್ನು ತಂದುದು ಲಿವರ್‌ಪೂಲಿನ ಮೆಕ್ಯಾನೋ ಸಂಸ್ಥೆ. ಅದರ ಸ್ಥಾಪಕರು ಫ್ರಾಂಕ್ ಹಾರ್ನ್‌ಬಿ. 1934ರಿಂದ ಇದರ ಪುಟ್ಟ ವಾಹನಗಳು ಡಿಂಕಿ ಟಾಯ್ಸ್ ಎಂಬ ಹೆಸರನ್ನು ಪಡೆದುವು. 1937ರ ಸುಮಾರಿಗೆ ಬ್ರಿಟಿಷ್ ಸೈನ್ಯದ ಟ್ಯಾಂಕುಗಳೂ ಹೊರಬಂದುವು. ಎರಡನೆಯ ಮಹಾಯುದ್ಧದ ನಡುವೆ ಲೋಹವೆಲ್ಲ ಯುದ್ಧಕಾರ್ಯಕ್ಕೆ ಬೇಕಾಗಿ, ಆಟಿಕೆಗಳ ತಯಾರಿಕೆ ನಿಂತಿತು. ನಿಜವಾದ ಟ್ಯಾಂಕು ಆಟದ ಟ್ಯಾಂಕಿನ ಲೋಹವನ್ನು ಕಸಿದುಕೊಂಡಿತೆನ್ನಬಹುದು! ಯುದ್ಧಾನಂತರ ಕೆಲಸ ಮತ್ತೆ ಸಾಗಿತು. 1979ರಲ್ಲಿ ಲಿವರ್‌ಪೂಲಿನ ಆ ಕಾರ್ಖಾನೆ ಮುಚ್ಚಿತು.

1960ರ ದಶಕದಿಂದ ಫ್ರಾನ್ಸಿನ ಸೊಲಿಡೋ ಸಂಸ್ಥೆಯು 1/50 ಪ್ರಮಾಣದ ಟ್ಯಾಂಕುಗಳನ್ನು ಮಾಡಿತು. ಪ್ರಮಾಣದ ಅರ್ಥವನ್ನು ಮಕ್ಕಳು ಲೆಕ್ಕಹಾಕಿ ನೋಡಲಿ. ಉದ್ದ, ಅಗಲ, ಎತ್ತರ ಮೂರೂ ಐವತ್ತನೆಯ ಒಂದು ಭಾಗವಾದರೆ, ಗಾತ್ರವು 1,25,000ದಲ್ಲಿ ಒಂದು ಭಾಗವಾಗುವುದು. ಅಮೆರಿಕದ ಶರ್ಮನ್ ಟ್ಯಾಂಕಿನ ತೂಕ ಸುಮಾರು 30 ಟನ್. ಈ ಲೆಕ್ಕದಂತೆ ಅದು ಸುಮಾರು 240 ಗ್ರಾಂಗೆ ಇಳಿಯುವುದು. ಅಂಗೈಯಲ್ಲಿ ಹಿಡಿಯಬಹುದಾದ ಆ ರೂಪದ ಹಿಂದಿನ ನಿಜವಾದ ಟ್ಯಾಂಕಿನಲ್ಲಿ ಐವರು ಮನುಷ್ಯರು ಜೀವವನ್ನು ಪಣವಾಗಿಟ್ಟು ಕುಳಿತಿದ್ದರೆಂಬುದನ್ನೂ ಅವರಿಗೆ ಹೇಳತಕ್ಕದ್ದು.

ಇನ್ನು ವ್ಯಾಧಿಯ ಮಾತು. ಸಂಸ್ಕೃತದಲ್ಲಿ ಸೀಸಕ್ಕೆ ‘ನಾಗ’ ಎಂಬ ಹೆಸರೂ ಉಂಟು. ಆ ಶಬ್ದಕ್ಕೆ ಹಾವೆಂಬ ಅರ್ಥವೂ ಉಂಟು. ಸತುವಿನ ಎರಕದಲ್ಲಿ ಸೀಸವು ನಿಜವಾಗಿಯೂ ಹಾವೇ. ಲಕ್ಷ ಭಾಗದಲ್ಲಿ ಸುಮಾರು ಐದು ಭಾಗವನ್ನು ಮೀರಿದರೆ ಅಪಾಯವೆಂದು ಈಗಿನ ನಿಯಮ. ಹಿಂದೆ ಇಂತಹ ಕಲ್ಮಷ ಸೇರಿದ ಎರಕದ ಲೋಹಕಣಗಳ ಸಂಧಿಗಳು ಕ್ರಮೇಣ ಕೊಳೆಯುವುವು. ಆಟಿಕೆಯು ಉಬ್ಬಿ, ಬಿರಿದು, ಕಡೆಗೆ ಪುಡಿಯಾಗುವುದು. 1930ರ ದಶಕದ ಅನೇಕ ಆಟಿಕೆಗಳ ಗತಿ ಹೀಗೆಯೇ ಆಗಿದೆ.

ಇದಕ್ಕೆ ಔಷಧವಿಲ್ಲ. ಆದರೆ ತೇವವೂ ಶಾಖವೂ ಇದನ್ನು ಬೆಳೆಸುವುದರಿಂದ, ಒಣಗಿದ ತಂಪಾದ ಸ್ಥಳದಲ್ಲಿಟ್ಟರೆ ಕ್ಷಯವು ನಿಧಾನವಾಗುವುದು. ಒಂದರಿಂದ ಇನ್ನೊಂದಕ್ಕೆ ಇದು ಅಂಟುವುದೆಂಬ ಭಯ ನಿರಾಧಾರ. ಕೊಳ್ಳುವವರು ಬಣ್ಣದ ಹೊಳಪಿಗೆ ಮರುಳಾಗದೆ, ಅಡಿಯನ್ನೂ ಅಂಚುಗಳನ್ನೂ ಬೆಳಕಿನಲ್ಲಿ ಪರೀಕ್ಷಿಸಬೇಕು. ಕೂದಲೆಳೆಯಂತಹ ಬಿರುಕು ಕಂಡರೆ ಹಿಂದೆಗೆಯುವುದೇ ಲೇಸು.

ಅಜ್ಜನ ಕಾಲದ ಟ್ಯಾಂಕೊಂದು ಮೊಮ್ಮಗನ ಕೈಯಲ್ಲಿ ತುಂಡಾದರೆ, ಹಿರಿಯರು ಗದರಿಸುವ ಮೊದಲು ಮುರಿದ ಅಂಚನ್ನು ನೋಡಲಿ. ಅದು ಬಿರಿದು ಪುಡಿಪುಡಿಯಾಗಿದ್ದರೆ, ತಪ್ಪು ಆ ಮಗುವಿನದಲ್ಲ. ಮಗು ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ಎರಕದ ಕುಲುಮೆಯಲ್ಲಿ ಅದು ನಡೆದುಹೋಗಿತ್ತು.