ಟೋಪಿ ಯಾವ ಊರಿನದು? ಬೇಸ್‌ಬಾಲ್ ತಂಡಗಳು ಮತ್ತು ಆಗೀಗಿನ ಅಭಿಮಾನಿ

  ಗಡಿನಾಡ ಕನ್ನಡದ ಗೋಷ್ಠಿಯೊಳಗೆ ಬೇಸ್‌ಬಾಲ್ ಯಾಕೆ ಬಂತು ಅಂತ ನಿಮಗೆ ಅನ್ನಿಸಿರಬಹುದು. ಅದಕ್ಕೆ ಕಾರಣ ನನ್ನ ತಮ್ಮನ ಟೋಪಿ. ಅಲ್ಲಿಂದಲೇ ಶುರು ಮಾಡ್ತೀನಿ.

ನಮ್ಮದು ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿ. ಹೋದ ವರ್ಷ ತಮ್ಮ ಸೊಲ್ಲಾಪುರದ ಪ್ಯಾಟಿಯೊಳಗೆ ಕಪ್ಪು ಟೋಪಿಯೊಂದನ್ನು ತಂದ. ಮುಂದೆ ಎನ್ ಮತ್ತು ವೈ ಎಂಬ ಎರಡು ಇಂಗ್ಲಿಷ್ ಅಕ್ಷರ ಒಂದರೊಳಗೊಂದು ಹೆಣೆದುಕೊಂಡಿವೆ. ಅಜ್ಜ ನೋಡಿ, "ಇದೇನಪಾ, ಯಾವ ಪಕ್ಷದ ಗುರುತು?" ಅಂತ ಕೇಳಿದರು. ತಮ್ಮನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅದು ನ್ಯೂಯಾರ್ಕ್ ಯಾಂಕೀಸ್ ಎಂಬ ಬೇಸ್‌ಬಾಲ್ ತಂಡದ ಗುರುತು ಎಂಬುದು ಆಮೇಲೆ ತಿಳೀತು. ಒಂದೂ ಪಂದ್ಯ ನೋಡದ ಹುಡುಗನ ತಲೆಯ ಮೇಲೆ ಆ ತಂಡ ಹೇಗೆ ಬಂದು ಕೂತಿತು? ಮೂವತ್ತು ತಂಡಗಳಿರುವ ಆಟದಲ್ಲಿ ಕೆಲವೇ ತಂಡಗಳತ್ತ ಆಗೀಗಿನ ಅಭಿಮಾನಿಗಳು ಯಾಕೆ ಸರೀತಾರೆ? ಇದೇ ಇವತ್ತಿನ ಪ್ರಶ್ನೆ.

"ಆಗೀಗಿನ ಅಭಿಮಾನಿ" ಎಂದರೆ ಯಾರು ಅಂತ ಮೊದಲು ಹೇಳಿಬಿಡ್ತೀನಿ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಒಂದೊಂದು ತಂಡವೂ ಒಂದು ಋತುವಿನಲ್ಲಿ 162 ಪಂದ್ಯ ಆಡುತ್ತದೆ. ಹೆಚ್ಚುಕಡಿಮೆ ದಿನಾ ಒಂದು ಆಟ. ಎಲ್ಲವನ್ನೂ ನೋಡಿ, ಪ್ರತಿ ಆಟಗಾರನ ಲೆಕ್ಕ ಬಾಯಿಪಾಠ ಇಟ್ಟುಕೊಳ್ಳುವವರು ಒಂದು ಕಡೆ. ಊಟ ಮಾಡುವಾಗ ಟಿವಿ ಹಚ್ಚಿದವರು, ಗೆಳೆಯರ ಜೊತೆ ಒಮ್ಮೆ ಮೈದಾನಕ್ಕೆ ಹೋದವರು, ಕಡೇ ಹಂತದ ಪಂದ್ಯಗಳನ್ನಷ್ಟೇ ನೋಡುವವರು ಇನ್ನೊಂದು ಕಡೆ. ಈ ಎರಡನೆಯವರೇ ನನ್ನ ಪ್ರಬಂಧದ ಜನ. ಇವರಿಗೆ ಮೂವತ್ತು ತಂಡಗಳನ್ನು ತೂಗಿ ನೋಡಿ ಆರಿಸಿಕೊಳ್ಳುವ ಪುರುಸೊತ್ತಿಲ್ಲ. ಹಾಗಾಗಿ ತಂಡವೇ ಅವರ ಹತ್ತಿರ ಬರಬೇಕು. ಅದು ಬರುವ ದಾರಿಗಳು ನನಗೆ ಕಂಡ ಮಟ್ಟಿಗೆ ನಾಲ್ಕು.

ಮೊದಲನೆಯದು ಅಲೆ. ರೇಡಿಯೋ ಅಲೆ, ಆಮೇಲೆ ಟಿವಿ. 1950ರ ದಶಕದ ನಡುಭಾಗದ ತನಕ ಮೇಜರ್ ಲೀಗ್‌ನ ಭೂಪಟದಲ್ಲಿ ಪಶ್ಚಿಮಕ್ಕೂ ದಕ್ಷಿಣಕ್ಕೂ ಸೇಂಟ್ ಲೂಯಿಸ್ ನಗರವೇ ಕೊನೆ. ಅದರಾಚೆ ತಂಡಗಳೇ ಇರಲಿಲ್ಲ. ಅಲ್ಲಿನ ಕೆಎಂಒಎಕ್ಸ್ ರೇಡಿಯೋ ಕೇಂದ್ರದ ಶಕ್ತಿ 50,000 ವ್ಯಾಟ್. ರಾತ್ರಿ ಹೊತ್ತು ಅದರ ಅಲೆ ಎಷ್ಟೋ ರಾಜ್ಯಗಳನ್ನು ದಾಟಿ ಹೋಗ್ತಿತ್ತು. ಸೇಂಟ್ ಲೂಯಿಸ್ ನಗರವನ್ನೇ ಕಾಣದ ರೈತ ಕುಟುಂಬಗಳು ಹೀಗೆ ಕಾರ್ಡಿನಲ್ಸ್ ತಂಡದವರಾದರು. ಇವತ್ತಿಗೂ ಆ ತಂಡದ ಅಭಿಮಾನಿಗಳು ಬಹಳ ಅಗಲಕ್ಕೆ ಹರಡಿಕೊಂಡಿದ್ದಾರೆ.

ಟಿವಿಯಲ್ಲೂ ಇದೇ ಆಯಿತು. ಅಟ್ಲಾಂಟಾದ ಟೆಡ್ ಟರ್ನರ್ 1976ರಲ್ಲಿ ಬ್ರೇವ್ಸ್ ತಂಡವನ್ನು ಕೊಂಡರು. ಅದೇ ವರ್ಷದ ಕೊನೆಗೆ ತಮ್ಮ ಟಿವಿ ಕೇಂದ್ರವನ್ನು ಉಪಗ್ರಹದ ಮೂಲಕ ದೇಶದ ತುಂಬಾ ಕಾಣುವಂತೆ ಮಾಡಿದರು. ಆ ಕಾಲದಲ್ಲಿ ಬ್ರೇವ್ಸ್ ಬಹಳ ಸಲ ಸೋಲುವ ತಂಡ. 1988ರಲ್ಲಂತೂ 106 ಪಂದ್ಯ ಸೋತಿತು. ಆದರೂ ದಿನಾ ಸಂಜೆ ಮನೆಗೆ ಬರುವ ತಂಡ ಅದಾಗಿದ್ದರಿಂದ ಎಲ್ಲೆಲ್ಲಿಯ ಜನರೋ ಅದಕ್ಕೆ ಒಗ್ಗಿಕೊಂಡರು.

ಷಿಕಾಗೋ ಕಬ್ಸ್ ಕತೆ ಇನ್ನೂ ಚಂದ. ಅವರ ರಿಗ್ಲಿ ಫೀಲ್ಡ್ ಮೈದಾನದಲ್ಲಿ 1988ರ ಆಗಸ್ಟ್ ತನಕ ರಾತ್ರಿ ಆಟಕ್ಕೆ ದೀಪಗಳೇ ಇರಲಿಲ್ಲ. ತವರಿನ ಪಂದ್ಯಗಳೆಲ್ಲ ಮಧ್ಯಾಹ್ನವೇ. ಡಬ್ಲ್ಯುಜಿಎನ್ ವಾಹಿನಿ ಅವನ್ನು ದೇಶದ ತುಂಬಾ ತೋರಿಸ್ತಿತ್ತು. ಶಾಲೆ ಬಿಟ್ಟು ಬಂದು ಚೀಲ ಒಗೆದು ಟಿವಿ ಹಚ್ಚಿದ ಮಕ್ಕಳ ಮುಂದೆ ಕಬ್ಸ್ ಆಟ ಇನ್ನೂ ನಡೀತಿತ್ತು. ದೀಪದ ಕೊರತೆ ಒಂದು ತಲೆಮಾರಿನ ಅಭಿಮಾನಿಗಳನ್ನು ತಯಾರು ಮಾಡಿತು ಅಂತ ಹೇಳಿದರೆ ಪೂರ್ತಿ ತಪ್ಪಾಗಲಿಕ್ಕಿಲ್ಲ.

ಎರಡನೆಯದು ಗೆಲುವು. ಯಾಂಕೀಸ್ 27 ಸಲ ವರ್ಲ್ಡ್ ಸೀರೀಸ್ ಗೆದ್ದಿದೆ. ಬೇರೆ ಯಾವ ತಂಡವೂ ಅದರ ಹತ್ತಿರ ಇಲ್ಲ. ಗೆದ್ದವರ ಕಡೆ ಜನ ವಾಲೋದು ಸಹಜ, ಆದರೆ ಯಾಕೆ? ಮನೋವಿಜ್ಞಾನಿ ರಾಬರ್ಟ್ ಚಿಯಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಅಮೆರಿಕನ್ ಫುಟ್‌ಬಾಲ್ ಇಟ್ಟುಕೊಂಡು ಒಂದು ಅಧ್ಯಯನ ಪ್ರಕಟಿಸಿದರು. ತಮ್ಮ ವಿಶ್ವವಿದ್ಯಾಲಯದ ತಂಡ ಗೆದ್ದ ನಂತರದ ಸೋಮವಾರ ಅದರ ಹೆಸರಿನ ಬಟ್ಟೆ ಹಾಕಿಕೊಂಡು ಬರುವ ವಿದ್ಯಾರ್ಥಿಗಳು ಹೆಚ್ಚು. ಗೆದ್ದ ಪಂದ್ಯದ ಮಾತು ಬಂದಾಗ "ನಾವು" ಎನ್ನುವ ಸರ್ವನಾಮ ಹೆಚ್ಚು, ಸೋತಾಗ "ಅವರು" ಹೆಚ್ಚು. ವ್ಯಾಕರಣ ಓದುವ ನಮಗೆ ಇದು ಗಮನಿಸಬೇಕಾದ ಸಂಗತಿ. ಇಡೀ ಅಭಿಮಾನ ಒಂದು ಸರ್ವನಾಮದ ಬದಲಾವಣೆಯಲ್ಲಿ ಕಾಣಿಸಿಕೊಳ್ತದೆ.

ಗೆಲುವು ಯಾವ ವಯಸ್ಸಿನಲ್ಲಿ ತಟ್ಟುತ್ತದೆ ಎನ್ನುವುದೂ ಮುಖ್ಯ. ಸೇಥ್ ಸ್ಟೀಫನ್ಸ್-ಡೇವಿಡೋವಿಟ್ಜ್ ಅವರು 2014ರಲ್ಲಿ ಫೇಸ್‌ಬುಕ್ ಮಾಹಿತಿಯನ್ನು ವಿಶ್ಲೇಷಿಸಿ ಬರೆದರು. ನ್ಯೂಯಾರ್ಕ್ ಮೆಟ್ಸ್ ತಂಡ ಗೆದ್ದದ್ದು 1969 ಮತ್ತು 1986ರಲ್ಲಿ. ಆ ವರ್ಷಗಳಲ್ಲಿ ಏಳೆಂಟು ವರ್ಷದವರಾಗಿದ್ದ ಗಂಡಸರಲ್ಲಿ ಮೆಟ್ಸ್ ಅಭಿಮಾನಿಗಳ ಪ್ರಮಾಣ ಎದ್ದು ಕಾಣುವಷ್ಟು ಹೆಚ್ಚು. ಅಂದರೆ ನಲವತ್ತರ ಮನುಷ್ಯ "ಇದು ನನ್ನ ತಂಡ" ಅಂತ ಹೇಳುವಾಗ ಎಷ್ಟೋ ಸಲ ಮಾತಾಡ್ತಿರೋದು ಎಂಟು ವರ್ಷದ ಹುಡುಗ.

ಆದರೆ ಗೆಲುವೊಂದೇ ಕಾರಣವಾಗಿದ್ದರೆ ಕಬ್ಸ್ ಮತ್ತು ಬಾಸ್ಟನ್ ರೆಡ್ ಸಾಕ್ಸ್ ಇಷ್ಟು ಜನಪ್ರಿಯ ಆಗಬಾರದಿತ್ತು. ಕಬ್ಸ್ 1908ರಲ್ಲಿ ಗೆದ್ದ ಮೇಲೆ ಮತ್ತೆ ಗೆದ್ದದ್ದು 2016ರಲ್ಲಿ. ನಡುವೆ 108 ವರ್ಷ. ರೆಡ್ ಸಾಕ್ಸ್ 1918ರ ನಂತರ 2004ರ ತನಕ ಕಾಯಿತು. ಇಲ್ಲಿ ಮೂರನೆಯ ದಾರಿ ಬರುತ್ತದೆ, ಅದು ಕತೆ. ಆಗೀಗಿನ ಅಭಿಮಾನಿಗೆ 162 ಪಂದ್ಯಗಳ ಅಂಕಿ ಅಂಶ ನೆನಪಿರೋದಿಲ್ಲ, ಒಂದು ಕತೆ ಮಾತ್ರ ನೆನಪಿರ್ತದೆ. 1945ರ ವರ್ಲ್ಡ್ ಸೀರೀಸ್‌ಗೆ ಒಬ್ಬ ಹೋಟೆಲಿನವ ತನ್ನ ಆಡನ್ನು ಕರೆದುಕೊಂಡು ಹೋದ, ಆಡನ್ನು ಹೊರಗೆ ಕಳಿಸಿದರು, ಅವನು ಶಾಪ ಹಾಕಿದ ಎಂದು ಕಬ್ಸ್ ಕತೆ. ಬೇಬ್ ರೂತ್ ಎಂಬ ಮಹಾ ಆಟಗಾರನನ್ನು ಯಾಂಕೀಸ್‌ಗೆ ಮಾರಿಕೊಂಡದ್ದಕ್ಕೆ ತಟ್ಟಿದ ಶಾಪ ಎಂದು ರೆಡ್ ಸಾಕ್ಸ್ ಕತೆ. ಆಟದ ನಿಯಮ ಗೊತ್ತಿಲ್ಲದವರಿಗೂ ಶಾಪ, ವಿಮೋಚನೆ ಅರ್ಥವಾಗ್ತವೆ. ನಮ್ಮ ಜಾನಪದದ ತರಗತಿಯಲ್ಲಿ ಇಂಥವನ್ನು ಎಷ್ಟು ಓದಿಲ್ಲ! ನಡುವಿನ ಪರ್ವಗಳನ್ನು ಓದದೆಯೂ ಕಡೆಯ ಯುದ್ಧಕ್ಕೆ ಬಂದು ಕೂರಬಹುದು. 2004 ಮತ್ತು 2016ರಲ್ಲಿ ಬೇಸ್‌ಬಾಲ್ ನೋಡದ ಎಷ್ಟೋ ಜನ ಹಾಗೆ ಬಂದು ಕೂತರು.

ನಾಲ್ಕನೆಯದು ಒಬ್ಬ ವ್ಯಕ್ತಿ. ಇದಕ್ಕೆ ಡಾಡ್ಜರ್ಸ್ ತಂಡವೇ ದೊಡ್ಡ ಉದಾಹರಣೆ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಮೈದಾನಕ್ಕೆ ಇಳಿದರು. ಕಪ್ಪು ಜನರನ್ನು ದಶಕಗಳ ಕಾಲ ಹೊರಗಿಟ್ಟಿದ್ದ ಲೀಗ್ ಅದು. ಬ್ರೂಕ್ಲಿನ್ ಎಲ್ಲಿದೆ ಎಂದು ನೋಡದ ಕಪ್ಪು ಕುಟುಂಬಗಳಿಗೂ ಅಂದಿನಿಂದ ಡಾಡ್ಜರ್ಸ್ ಸ್ವಂತ ತಂಡವಾಯಿತು.

ಆ ತಂಡ 1958ರಲ್ಲಿ ಲಾಸ್ ಏಂಜಲೀಸ್‌ಗೆ ಹೋಯಿತು. ಅದರ ಮೈದಾನ ಎದ್ದು ನಿಂತದ್ದು ಚಾವೇಜ್ ರವೀನ್ ಎಂಬಲ್ಲಿ. 1950ರ ದಶಕದಲ್ಲಿ ಅಲ್ಲಿಂದ ಮೆಕ್ಸಿಕನ್ ಮೂಲದ ಕುಟುಂಬಗಳನ್ನು ಎಬ್ಬಿಸಿದ್ದರು. ಮೊದಲಿನ ಉದ್ದೇಶ ಸರ್ಕಾರಿ ಮನೆ ಕಟ್ಟೋದು. ಅದು ಆಗಲಿಲ್ಲ, ಜಾಗ ತಂಡಕ್ಕೆ ಸಿಕ್ಕಿತು. ಹಾಗಾಗಿ ಆ ಸಮುದಾಯದ ಎಷ್ಟೋ ಜನ ಮೈದಾನದ ಕಡೆ ಮುಖ ಹಾಕಿರಲಿಲ್ಲ. 1981ರಲ್ಲಿ ಮೆಕ್ಸಿಕೋದ ಹಳ್ಳಿಯೊಂದರಿಂದ ಬಂದ ಇಪ್ಪತ್ತರ ಹುಡುಗ ಫರ್ನಾಂಡೋ ವೆಲೆನ್ಸುವೆಲಾ ಆರಂಭದ ಎಂಟು ಪಂದ್ಯಗಳನ್ನೂ ಗೆದ್ದುಕೊಟ್ಟ. ಅವನಿಗೆ ಇಂಗ್ಲಿಷ್ ಬರ್ತಿರಲಿಲ್ಲ. ತಂಡದ ಸ್ಪ್ಯಾನಿಷ್ ವೀಕ್ಷಕ ವಿವರಣೆಗಾರ ಹೈಮೆ ಹರೀನ್ ಪತ್ರಕರ್ತರ ಮುಂದೆ ಅವನ ಮಾತನ್ನು ಅನುವಾದಿಸ್ತಿದ್ದರು. ಹರೀನ್ 1959ರಿಂದ 2022ರವರೆಗೆ ಡಾಡ್ಜರ್ಸ್ ಆಟವನ್ನು ಸ್ಪ್ಯಾನಿಷ್‌ನಲ್ಲಿ ಹೇಳಿದವರು. ಹುಡುಗ ಬರುವ ಮೊದಲೇ ಇಪ್ಪತ್ತೆರಡು ವರ್ಷ ಆ ಭಾಷೆಯಲ್ಲಿ ದಾರಿ ಸವೆದಿತ್ತು. ಜನ ಬಂದಾಗ ಕೂರಲು ಜಾಗ ಸಿದ್ಧವಿತ್ತು ಎಂಬುದನ್ನು ಮರೀಬಾರದು. ಈಗ ಶೋಹೆ ಒಟಾನಿ ಅದೇ ತಂಡದಲ್ಲಿದ್ದಾರೆ. 2023ರ ಡಿಸೆಂಬರ್‌ನಲ್ಲಿ ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಒಪ್ಪಂದ ಆಯಿತು. ಜಪಾನಿನ ಮನೆಗಳಲ್ಲಿ ಬೆಳಿಗ್ಗೆ ಎದ್ದು ಲಾಸ್ ಏಂಜಲೀಸ್ ತಂಡದ ಆಟ ನೋಡ್ತಾರೆ.

ಟೋಪಿಗೆ ಮರಳೋಣ. 1996ರಲ್ಲಿ ಚಿತ್ರ ನಿರ್ದೇಶಕ ಸ್ಪೈಕ್ ಲೀ ಕಡುನೀಲಿಯ ಬದಲು ಕೆಂಪು ಬಣ್ಣದ ಯಾಂಕೀಸ್ ಟೋಪಿ ಮಾಡಿಕೊಡಿ ಅಂತ ನ್ಯೂ ಎರಾ ಕಂಪನಿಯನ್ನು ಕೇಳಿದರು. ಹಿಪ್‌ಹಾಪ್ ಹಾಡುಗಾರರೂ ಅದನ್ನು ತೊಟ್ಟರು. ಅಲ್ಲಿಂದ ಟೋಪಿ ಆಟದಿಂದ ಬಿಡಿಸಿಕೊಂಡು ತನ್ನ ಪಾಡಿಗೆ ಲೋಕ ಸುತ್ತಿತು. ನನ್ನ ತಮ್ಮನ ಹತ್ತಿರ ಬಂದದ್ದು ತಂಡ ಬಿಟ್ಟು ಹೋದ ಗುರುತು ಮಾತ್ರ. ಅವನನ್ನು ಅಭಿಮಾನಿ ಅನ್ನಲಾಗದು. ಆದರೆ "ಇದು ಯಾವ ಊರಿನದು?" ಅಂತ ಕೇಳುವ ಬಾಗಿಲಿಗೆ ಅವನು ಬಂದು ನಿಂತಿದ್ದಾನೆ.

ಇನ್ನು ನಮ್ಮ ಗೋಷ್ಠಿಗೆ ಹತ್ತಿರದ ಮಾತು, ಗಡಿ. ನ್ಯೂಯಾರ್ಕ್ ಟೈಮ್ಸ್ 2014ರಲ್ಲಿ ಫೇಸ್‌ಬುಕ್ ಮಾಹಿತಿಯಿಂದ ಬೇಸ್‌ಬಾಲ್ ಅಭಿಮಾನದ ಭೂಪಟ ಮಾಡಿತು. ಅದರಲ್ಲಿ ಯಾಂಕೀಸ್ ಮತ್ತು ರೆಡ್ ಸಾಕ್ಸ್ ನಡುವಿನ ಗೆರೆ ಕನೆಕ್ಟಿಕಟ್ ರಾಜ್ಯದ ಒಳಗೇ ಹಾದುಹೋಗುತ್ತದೆ. ರಾಜ್ಯ ಒಂದು, ಅಭಿಮಾನ ಎರಡು. ಅಯೋವಾ ರಾಜ್ಯಕ್ಕೆ ಸ್ವಂತ ಮೇಜರ್ ಲೀಗ್ ತಂಡವೇ ಇಲ್ಲ. ಆದರೆ ಲೀಗ್‌ನ ಪ್ರಸಾರ ನಿಯಮದ ಪ್ರಕಾರ ಅದು ಬಹಳ ವರ್ಷ ಸುತ್ತಲಿನ ಆರು ತಂಡಗಳ "ತವರು ಪ್ರದೇಶ" ಆಗಿತ್ತು. ಹಾಗಾಗಿ ಲೀಗ್‌ನ ಅಂತರ್ಜಾಲ ಚಂದಾ ಕಟ್ಟಿದವರಿಗೂ ಆ ಆರು ತಂಡಗಳ ಪಂದ್ಯ ಅದರಲ್ಲಿ ಕಾಣ್ತಿರಲಿಲ್ಲ. ಕಾಗದದ ಮೇಲೆ ಆರು ಮನೆ, ನೋಡಲು ಒಂದೂ ಇಲ್ಲ.

ಈ ಅಯೋವಾ ಕತೆ ಓದಿದಾಗ ನನಗೆ ನಮ್ಮೂರೇ ನೆನಪಾಯಿತು. 1956ರಲ್ಲಿ ಗೆರೆ ಎಳೆದವರು ರೇಡಿಯೋ ಅಲೆಗೆ ಗೆರೆ ಎಳೆಯಲಿಲ್ಲ. ಅಜ್ಜ ಧಾರವಾಡ ಆಕಾಶವಾಣಿ ಕೇಳುತ್ತಾ ಬೆಳೆದವರು. ಕಾಸರಗೋಡಿನ ಗೆಳತಿ ಮಂಗಳೂರು ಆಕಾಶವಾಣಿಯ ಬಗ್ಗೆ ಇದನ್ನೇ ಹೇಳ್ತಾಳೆ. ಅಜ್ಜನ ಕನ್ನಡ ಅಲೆಯ ಮೇಲೆ ಬಂದ ಕನ್ನಡ. ತಮ್ಮ ಓದಿದ್ದು ಮರಾಠಿ ಶಾಲೆ. ಅವನಿಗೆ ಕನ್ನಡ ಅಂದರೆ ಮನೆಮಾತು, ಸಿನಿಮಾ ಹಾಡು, ಆರ್‌ಸಿಬಿ. ಆ ತಂಡ 2008ರಿಂದ ಆಡಿ 2025ರಲ್ಲಿ ಮೊದಲ ಸಲ ಗೆದ್ದಾಗ ಅವನು "ನಾವು ಗೆದ್ವಿ" ಅಂತಲೇ ಕೂಗಿದ. ಚಿಯಾಲ್ಡಿನಿ ಹೇಳಿದ ಅದೇ ಸರ್ವನಾಮ. ಹೋದ ಸಲ ಬೆಂಗಳೂರಿಗೆ ಹೋದಾಗ ಅಂಗಡಿಯವರೊಬ್ಬರು ಅವನ ಮಾತು ಕೇಳಿ, "ನೀವು ಮಹಾರಾಷ್ಟ್ರದವರು, ನಿಮಗ್ಯಾಕೆ ಆರ್‌ಸಿಬಿ?" ಅಂದರಂತೆ. ಅವನು ಅದನ್ನು ನಗುತ್ತಲೇ ಹೇಳಿದ. ಅವ್ವ ನಗಲಿಲ್ಲ.

ಆಗೀಗಿನ ಅಭಿಮಾನಿಯನ್ನು ಅಮೆರಿಕದಲ್ಲೂ ಹೀಗೇ ಹೀಯಾಳಿಸ್ತಾರೆ. ಗೆದ್ದೆತ್ತಿನ ಬಾಲ ಹಿಡಿಯುವವರು ಅಂತ. ನಾನು ನೋಡಿದ ಉದಾಹರಣೆಗಳು ಬೇರೆ ಹೇಳ್ತವೆ. ಸೇಂಟ್ ಲೂಯಿಸ್ ರೇಡಿಯೋ ಕೇಳಿದ ರೈತ, ಮಧ್ಯಾಹ್ನ ಕಬ್ಸ್ ನೋಡಿದ ಹುಡುಗಿ, ಫರ್ನಾಂಡೋನನ್ನು ನೋಡಲು ಮೊದಲ ಸಲ ಮೈದಾನಕ್ಕೆ ಬಂದ ಕುಟುಂಬ, ಇವರೆಲ್ಲ ಮೊದಲ ದಿನ ಆಗೀಗಿನವರೇ. ಯಾರೂ ಪೂರ್ತಿ ಅಭಿಮಾನಿಯಾಗಿ ಹುಟ್ಟೋದಿಲ್ಲ. ತಂಡ ಅವರ ಮನೆಯ ತನಕ, ಅವರ ಭಾಷೆಯಲ್ಲಿ, ಅವರ ಹೊತ್ತಿಗೆ ಬಂತು. ಬಂದವರನ್ನು ಪರೀಕ್ಷೆ ಮಾಡದೆ ಕೂರಿಸಿಕೊಂಡಲ್ಲಿ ಅವರು ಉಳಿದರು.

ಗೋಷ್ಠಿಯ ಕೊನೆಗೆ ಗುರುಗಳೊಬ್ಬರು ಒಂದು ಪ್ರಶ್ನೆ ಕೇಳಿದರು: "ತಂಡವನ್ನು ಬಿಟ್ಟು ಇನ್ನೊಂದು ಹಿಡಿಯಬಹುದು. ಭಾಷೆಗೆ ಈ ಹೋಲಿಕೆ ಸರಿಯೇನಮ್ಮ?" ಪೂರ್ತಿ ಸರಿಯಲ್ಲ ಸರ್. ತಂಡದ ಹಿಂದೆ ಟಿಕೆಟು, ಟೋಪಿ ಮಾರುವ ವ್ಯಾಪಾರ ಇದೆ, ಕನ್ನಡ ಶಾಲೆಯ ಹಿಂದೆ ಅದಿಲ್ಲ. ತಂಡ ಬಿಟ್ಟರೆ ಯಾರ ಅನ್ನವೂ ಹೋಗೋದಿಲ್ಲ, ಗಡಿಯಲ್ಲಿ ಯಾವ ಮಾಧ್ಯಮದಲ್ಲಿ ಓದಿದೆ ಅನ್ನೋದರ ಮೇಲೆ ನೌಕರಿಯೇ ನಿಂತಿರ್ತದೆ. ಆದರೆ ಒಂದು ವಿಷಯದಲ್ಲಿ ಹೋಲಿಕೆ ನಿಲ್ಲುತ್ತದೆ ಅನ್ಸುತ್ತೆ. ಅರ್ಧ ಕನ್ನಡ ಬರುವ ಹುಡುಗನಿಗೆ "ನಿನಗ್ಯಾಕೆ?" ಅಂತ ಕೇಳಿದರೆ ಅವನು ಮುಂದಿನ ಸಲ "ಅವರು" ಅಂತಾನೆ. "ಬಾ, ಕೂಡು" ಅಂದರೆ "ನಾವು" ಅಂತಾನೆ. ಹರೀನ್ ಇಪ್ಪತ್ತೆರಡು ವರ್ಷ ಮಾಡಿದ್ದು ಅದನ್ನೇ. ನಮ್ಮ ಕಡೆ ಆ ಕೆಲಸ ಯಾರು ಮಾಡ್ತಿದ್ದಾರೆ ಅಂತ ಹುಡುಕೋದು ನನ್ನ ಮುಂದಿನ ಅಧ್ಯಯನ.