ಧ್ವನಿಮುದ್ರಿಕೆಯೂ ಮನೆಯ ಹಾಡೂ

ಶಬ್ದವು ನಿತ್ಯವೋ ಅನಿತ್ಯವೋ ಎಂಬ ವಿಚಾರದಲ್ಲಿ ನಮ್ಮ ಶಾಸ್ತ್ರಕಾರರು ಬಹುಕಾಲ ವಾದಮಾಡಿದ್ದಾರೆ. ಶಬ್ದವು ಹುಟ್ಟಿದ ಕ್ಷಣಾಂತರದಲ್ಲಿಯೇ ನಶಿಸುವುದೆಂದು ನೈಯಾಯಿಕರ ಮತ. ಶಬ್ದವು ಎಂದಿಗೂ ಇರತಕ್ಕದ್ದು, ನಮ್ಮ ನಾಲಗೆಯು ಅದನ್ನು ವ್ಯಕ್ತಪಡಿಸುವುದು ಮಾತ್ರ ಎಂದು ಮೀಮಾಂಸಕರ ಮತ. ಮೂವತ್ತಕ್ಕೂ ಹೆಚ್ಚು ವರುಷ ಮಕ್ಕಳಿಗೆ ಸಂಸ್ಕೃತವನ್ನು ಪಾಠ ಹೇಳಿದ ನಾನು ಈ ಎರಡು ಪಕ್ಷಗಳನ್ನೂ ಬಲ್ಲೆನು. ಆದರೆ ೧೮೭೭ರಲ್ಲಿ ಅಮೆರಿಕದ ಎಡಿಸನ್ನನು ಫೋನೋಗ್ರಾಫ್ ಯಂತ್ರವನ್ನು ರಚಿಸಿದಾಗ ಮೂರನೆಯ ಪಕ್ಷವೊಂದು ಹುಟ್ಟಿತೆಂಬುದನ್ನು ಬಹುಕಾಲ ಯೋಚಿಸಿರಲಿಲ್ಲ. ಶಬ್ದವು ಉಳಿಯಬಹುದು, ಯಾರಾದರೂ ಅದನ್ನು ಹಿಡಿದಿಟ್ಟರೆ ಮಾತ್ರ, ಹಿಡಿದಿಟ್ಟುದನ್ನು ಮತ್ತೊಬ್ಬರು ಅಳಿಸದಿದ್ದರೆ ಮಾತ್ರ. ಈ ಪಕ್ಷದ ನಿಜವನ್ನು ನಾನು ಬೆಲೆಕೊಟ್ಟು ಕಲಿತೆನು. ಅದನ್ನು ಕಡೆಯಲ್ಲಿ ಹೇಳುತ್ತೇನೆ. ಮೊದಲು, ಈ ಇಳಿವಯಸ್ಸಿನಲ್ಲಿ ನನ್ನ ಮನಸ್ಸನ್ನು ಸೆಳೆದಿರುವ ಕೆಲವು ಧ್ವನಿಮುದ್ರಿಕೆಗಳನ್ನು ವಾಚಕರಿಗೆ ಪರಿಚಯ ಮಾಡಿಕೊಡಬೇಕೆಂದಿದ್ದೇನೆ.

ನಮ್ಮದು ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ತಮ್ಮನ ಮಗನು ಕಳೆದ ಆಷಾಢದಲ್ಲಿ ಊರಿಗೆ ಬಂದವನು, ಮಳೆಯು ಬಿಡದೆ ಹಿಡಿದುದರಿಂದ, ಕೆಲವು ದಿನ ನಮ್ಮಲ್ಲಿಯೇ ಉಳಿದನು. ಸಂಜೆಯಾದರೆ ಜಗಲಿಯ ಮೇಲೆ ಅಂಗೈಯಗಲದ ಸ್ಪೀಕರೊಂದನ್ನು ಇಟ್ಟುಕೊಂಡು ಗಿಟಾರಿನ ಹಾಡುಗಳನ್ನು ಕೇಳುವುದು ಅವನ ವಾಡಿಕೆ. ಒಂದು ದಿನ, "ಇದೇನಯ್ಯ ಈ ಗದ್ದಲ?" ಎಂದೆನು. "ರಾಕ್ ದೊಡ್ಡಪ್ಪ. ಆಮೇಲೆ ಬರೋದು ಆಲ್ಟ್-ಕಂಟ್ರಿ" ಎಂದನು. "ರಾಕ್ ಎಂದರೆ ಬಂಡೆಯಲ್ಲವೇ? ಒಳ್ಳೆಯ ಬಂಡೆ ಬೇಕಾದರೆ ಬೇಲೂರಿಗೆ ಹೋಗೋಣ" ಎಂದೆನು. ಅವನು ನಕ್ಕು, "ಬಂಡೆಯಲ್ಲ ದೊಡ್ಡಪ್ಪ, ತೂಗೋದು ಅಂತ. ತೊಟ್ಟಿಲು ತೂಗೋದಕ್ಕೂ ಅವರಲ್ಲಿ ಅದೇ ಮಾತು" ಎಂದನು. ತೊಟ್ಟಿಲಿನ ಮಾತು ಕಿವಿಗೆ ಬಿದ್ದುದರಿಂದ ಒಳಗಿದ್ದ ನನ್ನ ಮನೆಯಾಕೆಯೂ ಬಂದು ಬಾಗಿಲ ಬಳಿ ಕುಳಿತಳು. ಹೀಗೆ ಆರಂಭವಾದ ಶ್ರವಣವು ದಿನವೂ ನಡೆಯಿತು.

ಕಂಟ್ರಿ ಎಂಬುದು ಅಮೆರಿಕದ ಹಳ್ಳಿಗಾಡಿನ ಸಂಗೀತ. ಅದರ ವಿವರವನ್ನು ಕೇಳಿದಕೂಡಲೆ ನನಗೆ ಮತಂಗಮುನಿಯ 'ಬೃಹದ್ದೇಶೀ' ಗ್ರಂಥವು ನೆನಪಾಯಿತು. ಹೆಂಗಸರು, ಮಕ್ಕಳು, ಗೋವಳರು, ಅರಸರು ತಂತಮ್ಮ ನಾಡಿನಲ್ಲಿ ತಮ್ಮಿಚ್ಛೆಯಂತೆ ಅನುರಾಗದಿಂದ ಯಾವುದನ್ನು ಹಾಡುವರೋ ಅದು ದೇಶಿಯೆಂದು ಆತನು ಲಕ್ಷಣ ಹೇಳಿದ್ದಾನೆ. ಅರಸನನ್ನೂ ಗೋವಳನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಈ ಲಕ್ಷಣವು ಅಮೆರಿಕದ ಹಾಡಿಗೂ ಚೆನ್ನಾಗಿ ಒಪ್ಪುತ್ತದೆ.

ಈ ದೇಶಿಯ ಚರಿತ್ರೆಯಲ್ಲಿ ೧೯೨೭ನೆಯ ಇಸವಿಯ ಬೇಸಗೆಯು ಬಹು ಮುಖ್ಯವಾದುದು. ಟೆನೆಸಿ, ವರ್ಜಿನಿಯ ಎಂಬ ಎರಡು ಸಂಸ್ಥಾನಗಳ ಗಡಿಯಲ್ಲಿರುವ ಬ್ರಿಸ್ಟಲ್ ಎಂಬ ಪಟ್ಟಣಕ್ಕೆ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಎಂಬಾತನು ಧ್ವನಿಮುದ್ರಣದ ಯಂತ್ರಗಳನ್ನು ತಂದು ಇಳಿಸಿ, ಸುತ್ತಣ ಬೆಟ್ಟಗಾಡಿನ ಹಾಡುಗಾರರನ್ನು ಬರಮಾಡಿಕೊಂಡನು. ಆಗಸ್ಟ್ ತಿಂಗಳ ಮೊದಲಲ್ಲಿ ಎ. ಪಿ. ಕಾರ್ಟರನೆಂಬ ಹಳ್ಳಿಗನು ತನ್ನ ಹೆಂಡತಿ ಸಾರಾಳನ್ನೂ, ತಮ್ಮನ ಹೆಂಡತಿ ಮೇಬೆಲ್ಲಳನ್ನೂ ಕರೆದುಕೊಂಡು ಅಲ್ಲಿಗೆ ಹೋದನು. ಮೇಬೆಲ್ಲಳಿಗೆ ಆಗ ಹದಿನೆಂಟು ವರುಷ, ತುಂಬಿದ ಗರ್ಭಿಣಿ. ಎರಡು ದಿನಗಳಲ್ಲಿ ಇವರು ಆರು ಹಾಡುಗಳನ್ನು ಮುದ್ರಿಸಿದರು. ಮೇಬೆಲ್ಲಳು ಹೆಬ್ಬೆರಳಿನಿಂದ ಗಿಟಾರಿನ ಮಂದ್ರದ ತಂತಿಗಳಲ್ಲಿ ಹಾಡಿನ ಧಾಟಿಯನ್ನೇ ನುಡಿಸುತ್ತ, ಉಳಿದ ಬೆರಳುಗಳಿಂದ ಮೇಲಣ ತಂತಿಗಳಲ್ಲಿ ತಾಳವನ್ನು ಕೊಡುತ್ತಾಳೆ. ಒಂದೇ ಕೈ ಇಬ್ಬರ ಕೆಲಸವನ್ನು ಮಾಡುವುದು! ಇದನ್ನು ಕೇಳಿ ನನ್ನ ಮನೆಯಾಕೆ, "ಒಂದು ಕೈಯಲ್ಲಿ ತೊಟ್ಟಿಲು, ಇನ್ನೊಂದು ಕೈಯಲ್ಲಿ ಮೊರ ಹಿಡಿದವಳಿಗೆ ಇದು ಬಂದೀತು" ಎಂದಳು. ಸಂಗೀತವಿಮರ್ಶಕರು ಇದಕ್ಕಿಂತ ಹೆಚ್ಚೇನು ಹೇಳಿಯಾರು?

ಕಾರ್ಟರನು ಮುಂದೆ ಊರೂರು ಅಲೆದು ಹಳೆಯ ಹಾಡುಗಳನ್ನು ಕೂಡಿಹಾಕಿದನು. ಅವನ ಸಂಗಡ ಲೆಸ್ಲಿ ರಿಡ್ಲ್ ಎಂಬ ಕರಿಯರ ಜನಾಂಗದ ಗಿಟಾರುಗಾರನು ತಿರುಗಿದನು. ಮಾತುಗಳನ್ನು ಕಾರ್ಟರನು ಬರೆದುಕೊಂಡರೆ, ಧಾಟಿಯನ್ನು ರಿಡ್ಲನು ಮನಸ್ಸಿನಲ್ಲಿ ಹಿಡಿದು ತರುವನು. ಬರೆದುಕೊಳ್ಳಬಲ್ಲ ಕೈಯಷ್ಟೇ ಸಾಲದು, ದನಿಯನ್ನು ಹಿಡಿಯಬಲ್ಲ ಕಿವಿಯೂ ಬೇಕೆಂಬುದಕ್ಕೆ ಇದು ನಿದರ್ಶನ.

ರಾಕ್ ಸಂಗೀತವು ಹುಟ್ಟಿದುದು ಕರಿಯರ ಬ್ಲೂಸ್ ಹಾಡು ಬಿಳಿಯರ ಹಳ್ಳಿಯ ಹಾಡಿನೊಡನೆ ಕೂಡಿದಾಗ. ೧೯೫೪ರ ಜುಲೈ ತಿಂಗಳಲ್ಲಿ ಮೆಂಫಿಸ್ ನಗರದಲ್ಲಿ ಹತ್ತೊಂಬತ್ತು ವರುಷದ ಎಲ್ವಿಸ್ ಪ್ರೆಸ್ಲಿಯು ಮುದ್ರಿಸಿದ ಮೊದಲ ತಟ್ಟೆಯ ಒಂದು ಮುಖದಲ್ಲಿ ಆರ್ಥರ್ ಕ್ರಡಪ್ ಎಂಬ ಕರಿಯ ಹಾಡುಗಾರನ ಬ್ಲೂಸ್ ಇದೆ; ಇನ್ನೊಂದು ಮುಖದಲ್ಲಿ ಬಿಲ್ ಮನ್ರೋ ಎಂಬಾತನ ಹಳ್ಳಿಯ ಹಾಡಿದೆ. ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲು ಆಗ ಆ ಊರಿನಲ್ಲಿ ಅವಕಾಶವಿಲ್ಲದಿದ್ದ ಎರಡು ಜನಾಂಗಗಳ ಹಾಡುಗಳು ಒಂದೇ ತಟ್ಟೆಯ ಬೆನ್ನಿಗೆ ಬೆನ್ನು ಕೊಟ್ಟು ತಿರುಗಿದುವು.

ನನಗೆ ಎಲ್ಲಕ್ಕಿಂತ ಪ್ರಿಯವಾದುದು ಜಾನಿ ಕ್ಯಾಶನು ೧೯೬೮ರ ಜನವರಿ ೧೩ರಂದು ಕ್ಯಾಲಿಫೋರ್ನಿಯದ ಫೋಲ್ಸಂ ಸೆರೆಮನೆಯಲ್ಲಿ ಕೈದಿಗಳ ಮುಂದೆ ಹಾಡಿದ ಕಛೇರಿಯ ಮುದ್ರಿಕೆ. ಕೈದಿಗಳ ಕೂಗು, ನಗೆ, ನಡುನಡುವೆ ಸೆರೆಮನೆಯ ಅಧಿಕಾರಿಗಳ ಪ್ರಕಟಣೆ, ಎಲ್ಲವೂ ಅದರಲ್ಲಿ ಉಳಿದುಕೊಂಡಿವೆ. ಹಾಡಿನ ಸುತ್ತಲಿನ ಸದ್ದನ್ನು ಕಸವೆಂದು ತೆಗೆದುಹಾಕಿದ್ದರೆ ಆ ಹಾಡು ಅರ್ಧಕ್ಕೆ ಅರ್ಧ ಸತ್ತುಹೋಗುತ್ತಿತ್ತು. ಆ ವರುಷದ ಮಾರ್ಚಿಯಲ್ಲಿ ಈ ಕ್ಯಾಶನು ಮದುವೆಯಾದ ಜೂನ್ ಎಂಬಾಕೆಯು ಮೇಬೆಲ್ಲಳ ಮಗಳು. ಬೆಟ್ಟದ ಹಳ್ಳಿಯ ಮನೆಯ ಹಾಡು ಹೀಗೆ ತಾಯಿಯಿಂದ ಮಗಳಿಗೆ, ಮಗಳಿಂದ ಅಳಿಯನಿಗೆ ಹರಿದುಬಂದಿತು.

ಇನ್ನು ಆಲ್ಟ್-ಕಂಟ್ರಿ. ಕಾರ್ಟರ್ ಮನೆತನದವರು ೧೯೩೬ರಲ್ಲಿ, ದೇಶವೆಲ್ಲ ಬಡತನದಲ್ಲಿ ಬೇಯುತ್ತಿದ್ದಾಗ, ಪರಲೋಕದಲ್ಲಿ ಇಂಥ ಮುಗ್ಗಟ್ಟಿಲ್ಲವೆಂಬ ಅರ್ಥದ ಒಂದು ಭಕ್ತಿಗೀತೆಯನ್ನು ಮುದ್ರಿಸಿದ್ದರು. ಐವತ್ತನಾಲ್ಕು ವರುಷಗಳ ಮೇಲೆ, ೧೯೯೦ರಲ್ಲಿ, ಇಲಿನಾಯ್ ಪ್ರಾಂತದ ಬೆಲ್‌ವಿಲ್ ಎಂಬ ಊರಿನ 'ಅಂಕಲ್ ಟುಪೆಲೋ' ಎಂಬ ಹುಡುಗರ ತಂಡವು ಅದನ್ನು ತಮ್ಮ ರಾಕ್ ಹಾಡುಗಳ ನಡುವೆ ಹಾಡಿ, ತಮ್ಮ ಮೊದಲ ಮುದ್ರಿಕೆಗೆ 'ನೋ ಡಿಪ್ರೆಷನ್' ಎಂದು ಅದರ ಹೆಸರನ್ನೇ ಇಟ್ಟಿತು. ೧೯೯೫ರಲ್ಲಿ ಆರಂಭವಾದ ಒಂದು ಪತ್ರಿಕೆಯೂ ಅದೇ ಹೆಸರನ್ನು ತಾಳಿತು. ಅಜ್ಜಿಯ ಹಾಡನ್ನು ಮೊಮ್ಮಕ್ಕಳು ತಮ್ಮ ಕಾಲದ ವಾದ್ಯಗಳಲ್ಲಿ ಹಾಡುವ ಈ ಪಂಥಕ್ಕೇ ಆಲ್ಟ್-ಕಂಟ್ರಿ ಎಂದು ಹೆಸರು. ಹಳೆಯ ತಟ್ಟೆಯು ಉಳಿದಿದ್ದುದರಿಂದ ಹೊಸ ಹಾಡು ಹುಟ್ಟಿತು. ತಟ್ಟೆಯೇ ಇಲ್ಲದಿದ್ದರೆ ಆ ಹುಡುಗರು ಯಾರನ್ನು ಕೇಳಬೇಕಿತ್ತು?

ಇಂಥ ಭಾಗ್ಯ ನಮ್ಮ ನಾಡಿಗೆ ಇಲ್ಲವೇ ಎಂದರೆ, ಉಂಟು. ಭಾರತದಲ್ಲಿ ಗ್ರಾಮಫೋನ್ ಮುದ್ರಣವು ೧೯೦೨ರಲ್ಲಿ ಕಲ್ಕತ್ತೆಯಲ್ಲಿ ನಡೆದಾಗ ಹಾಡಿದವರಲ್ಲಿ ಪ್ರಖ್ಯಾತರಾದವರು ಗೌಹರ್ ಜಾನ್. ಹಾಡು ಮುಗಿದೊಡನೆ ಅವರು ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳುತ್ತಿದ್ದರು. ಜರ್ಮನಿಯಲ್ಲಿ ತಟ್ಟೆಯನ್ನು ಅಚ್ಚುಮಾಡುವವರಿಗೆ ಇದು ಯಾರದೆಂದು ತಿಳಿಯಬೇಕಲ್ಲವೆ? ಆ ಗೌಹರ್ ಜಾನರು ೧೯೨೮ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದು, ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.

ಹಾಡಿನ ಮಾತನ್ನು ಉಳಿಸಿದ ಪುಣ್ಯಾತ್ಮರು ಕನ್ನಡದಲ್ಲಿಯೂ ಇದ್ದಾರೆ. ಹಲಸಂಗಿಯ ಗೆಳೆಯರು ೧೯೩೧ರಲ್ಲಿ 'ಗರತಿಯ ಹಾಡು' ಸಂಗ್ರಹವನ್ನು ಪ್ರಕಟಿಸಿ, ಬೀಸುವ ಕಲ್ಲಿನ ಮುಂದೆ ಹುಟ್ಟಿದ ಪದಗಳಿಗೆ ಕಾವ್ಯದ ಮನ್ನಣೆಯನ್ನು ದೊರಕಿಸಿದರು. ಆದರೆ ಅಲ್ಲಿ ಉಳಿದುದು ಮಾತು. ಹಾಡಿದ ಗರತಿಯರ ಕಂಠವು ಪುಸ್ತಕದಲ್ಲಿ ಬರುವಂತಿರಲಿಲ್ಲ. ದನಿಯ ಕೆಲಸವನ್ನು ಬೇರೆಯವರು ಮಾಡಿದರು. ಪಿ. ಕಾಳಿಂಗರಾಯರು (೧೯೧೪–೧೯೮೧) ರಾಜರತ್ನಂ ಅವರ ರತ್ನನ ಪದಗಳನ್ನು ಹಾಡಿ ಮನೆಮನೆಗೆ ಮುಟ್ಟಿಸಿದರು. ನಮ್ಮ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ೧೯೩೯ರಲ್ಲಿ ಜನಿಸಿ ೨೦೦೯ರಲ್ಲಿ ಗತಿಸಿದ ಸಿ. ಅಶ್ವತ್ಥರು, ಶಿಶುನಾಳದ ಶರೀಫಸಾಹೇಬರ (೧೮೧೯–೧೮೮೯) ತತ್ತ್ವಪದಗಳಿಗೆ ತಮ್ಮ ಏರುಕಂಠವನ್ನು ಕೊಟ್ಟರು. ೧೯೯೦ರ 'ಸಂತ ಶಿಶುನಾಳ ಶರೀಫ' ಚಲನಚಿತ್ರಕ್ಕೂ ಅವರದೇ ಸಂಗೀತ.

ಅದೇ ಶರೀಫರ ಗುಡುಗುಡಿಯ ಪದವನ್ನೂ, ಸೋರುವ ಮಾಳಿಗೆಯ ಪದವನ್ನೂ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ೨೦೦೮ರ ತಮ್ಮ ಮೊದಲ ಮುದ್ರಿಕೆಯಲ್ಲಿ ಗಿಟಾರಿನೊಡನೆ ಹಾಡಿದ್ದಾರೆ. ೨೦೧೦ರಲ್ಲಿ ಬಿ.ಬಿ.ಸಿ. ದೂರದರ್ಶನದಲ್ಲಿಯೂ ಅವರು ಹಾಡಿದರು. ಹೊರಗೆ ಮಳೆ ಸುರಿಯುತ್ತಿರುವಾಗ ಹಂಚಿನ ಮಾಡಿನ ಕೆಳಗೆ ಕುಳಿತು ಮಾಳಿಗೆಯ ಪದವನ್ನು ಕೇಳಿದರೆ, ಅದರ ತತ್ತ್ವಾರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಗಿಟಾರು ಶರೀಫರನ್ನು ಕೆಡಿಸಿತೆಂದು ನನಗೆ ತೋರಲಿಲ್ಲ. ಆಲ್ಟ್-ಕಂಟ್ರಿಯ ಹುಡುಗರು ಕಾರ್ಟರರಿಗೆ ಮಾಡಿದ ಉಪಕಾರವನ್ನೇ ಇವರು ಶರೀಫರಿಗೆ ಮಾಡಿದ್ದಾರೆ.

ಈ ಮಾತನ್ನು ನಾನು ಹೇಳಿದಾಗಲೇ ಹುಡುಗನು ಕೇಳಿದನು: "ದೊಡ್ಡಪ್ಪ, ಅಜ್ಜಿ ಹಾಡಿದ್ದ ಒಂದು ಕ್ಯಾಸೆಟ್ಟು ಇತ್ತಂತಲ್ಲ, ಅಪ್ಪ ಹೇಳ್ತಿದ್ರು. ಅದನ್ನ ಕೊಟ್ಟರೆ ನಾನೂ ಗಿಟಾರಿನಲ್ಲಿ ಕೂರಿಸಿ ನೋಡ್ತೀನಿ. ಎಲ್ಲಿದೆ?"

ನಾನು ಮೊದಲೇ ಮಾತುಕೊಟ್ಟಿದ್ದ ಸಂಗತಿ ಇದು. ನಮ್ಮದು ಬೇಸಾಯದ ಮನೆ. ನಮ್ಮವ್ವನು ಅಕ್ಷರ ಬಾರದವಳು. ನಸುಕಿನಲ್ಲಿ ರಾಗಿ ಬೀಸುತ್ತ ಹಾಡುವ ಪದಗಳು ಅವಳಿಗೆ ನೂರಾರು ಬರುತ್ತಿದ್ದುವು. ೧೯೮೬ರಲ್ಲಿ ನನ್ನ ತಮ್ಮನು ಟೇಪ್ ರೆಕಾರ್ಡರನ್ನು ತಂದವನು, ಒಂದು ದಿನ ಅದನ್ನು ಬೀಸುವ ಕಲ್ಲಿನ ಪಕ್ಕದಲ್ಲಿಟ್ಟು, ಒಂದು ಕ್ಯಾಸೆಟ್ಟು ಪೂರ್ತಿ ಅವಳ ಪದಗಳನ್ನು ಹಿಡಿದನು. ನಾನು ಆಗ ಮೈಸೂರಿನಲ್ಲಿ ಸಂಸ್ಕೃತವನ್ನು ಓದಿ ಊರಿಗೆ ಬಂದಿದ್ದೆನು; ವಿದ್ಯೆಗಿಂತ ಹೆಚ್ಚಾಗಿ ವಿದ್ಯೆಯ ಮದವು ತಲೆಗೇರಿತ್ತು. ಒಂದು ರಾತ್ರಿ ಆಕಾಶವಾಣಿಯಲ್ಲಿ ಒಳ್ಳೆಯ ವೀಣಾವಾದನವು ಬರುತ್ತಿತ್ತು. ಖಾಲಿ ಕ್ಯಾಸೆಟ್ಟು ಮನೆಯಲ್ಲಿರಲಿಲ್ಲ. ನಾನು ಅವ್ವನ ಕ್ಯಾಸೆಟ್ಟನ್ನೇ ಹಾಕಿ ವೀಣೆಯನ್ನು ಮುದ್ರಿಸಿಕೊಂಡೆನು. ಟೇಪಿನ ಮೇಲೆ ಹೊಸದು ಮೂಡುವಾಗ ಹಳೆಯದು ತಾನಾಗಿ ಅಳಿದುಹೋಗುತ್ತದೆಂಬುದು ನನಗೆ ತಿಳಿದೇ ಇತ್ತು. ಬೀಸುವ ಪದ ತಾನೇ, ನಾಳೆಯೂ ಹಾಡುತ್ತಾಳೆ ಎಂದುಕೊಂಡೆನು. ಮತಂಗನ ಲಕ್ಷಣಶ್ಲೋಕವು ಆಗಲೂ ನನಗೆ ಬಾಯಿಪಾಠವಾಗಿತ್ತು!

ಅವ್ವನಿಗೆ ತಿಳಿದಾಗ ಅವಳು ಸಿಟ್ಟಾಗಲಿಲ್ಲ. "ಹೋಗ್ಲಿ ಬಿಡು ಮಗಾ, ನನ್ನ ಗೊಗ್ಗರು ದನಿ ಯಾರಿಗೆ ಬೇಕು?" ಎಂದಳು. ತಮ್ಮನು ಮತ್ತೊಮ್ಮೆ ಮುದ್ರಿಸಬೇಕೆಂದು ಹೇಳುತ್ತಲೇ ಇದ್ದನು, ದಿನಗಳು ಕಳೆದುವು. ೧೯೯೪ರಲ್ಲಿ ಅವ್ವನು ತೀರಿಕೊಂಡಳು. ಬೇಲೂರಿನ ಗುಡಿಯಲ್ಲಿ, ೧೧೧೭ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಸನ್ನಿಧಿಯಲ್ಲಿ, ವಾದ್ಯ ಹಿಡಿದ ಮದನಿಕೆಯರನ್ನು ಕಂಡಾಗಲೆಲ್ಲ ನನಗೆ ಅವಳ ನೆನಪಾಗುತ್ತದೆ. ಕಲ್ಲು ಭಂಗಿಯನ್ನು ಒಂಬೈನೂರು ವರುಷ ಹಿಡಿದಿಟ್ಟಿದೆ. ದನಿಯನ್ನು ಹಿಡಿದಿಡುವುದು ಅದರ ಕೈಲಾಗಲಿಲ್ಲ. ನನ್ನ ಕೈಯಲ್ಲಿ ದನಿಯೇ ಇತ್ತು.

ಹುಡುಗನಿಗೆ ಇದನ್ನೆಲ್ಲ ಹೇಳಿದೆನು. ಅವನು ಸ್ಪೀಕರನ್ನು ನಿಲ್ಲಿಸಿ ಸುಮ್ಮನೆ ಕುಳಿತನು. ಆಗ ಬಾಗಿಲ ಬಳಿಯಿದ್ದ ನನ್ನ ಮನೆಯಾಕೆ, "ನನಗೆ ಒಂದೆರಡು ಬಂದಾವೋ ಏನೋ, ಮದುವೆಯಾದ ಹೊಸದರಲ್ಲಿ ಅತ್ತೆಯ ಜೊತೆ ನಾನೂ ಬೀಸಿದ್ದೆ" ಎಂದಳು. ಮೊಬೈಲನ್ನು ಮುಂದಿಟ್ಟರೆ ಧಾಟಿ ಬಂದಿತು, ಮಾತು ಬರಲಿಲ್ಲ. "ಕಲ್ಲು ತಿರುಗದೆ ಪದ ಬರೋಲ್ಲ" ಎಂದಳು. ಹಿತ್ತಿಲಿನಲ್ಲಿ ಮಳೆಗೆ ನೆನೆಯುತ್ತಿದ್ದ ಬೀಸುವ ಕಲ್ಲನ್ನು ನಾನೂ ಹುಡುಗನೂ ಎತ್ತಿ ತಂದು, ತೊಳೆದು ಒರಸಿ, ಮಾರನೆಯ ದಿನ ಎರಡು ಸೇರು ರಾಗಿಯನ್ನು ಅಳೆದು ಕೊಟ್ಟೆವು. ಗೂಟವನ್ನು ಹಿಡಿದು ಕಲ್ಲನ್ನು ತಿರುಗಿಸತೊಡಗಿದ ಮೇಲೆ ಒಂದು ಪದ ಪೂರ್ತಿಯಾಗಿ ಬಂದಿತು. ಇನ್ನೊಂದು ಅರ್ಧಕ್ಕೆ ನಿಂತಿತು. ನೂರಾರು ಪದಗಳಲ್ಲಿ ಉಳಿದುದು ಒಂದೂವರೆ. ಕಲ್ಲಿನ ಸದ್ದನ್ನೂ ಮಳೆಯ ಸದ್ದನ್ನೂ ತೆಗೆಯಬಾರದೆಂದು ಹುಡುಗನಿಗೆ ಹೇಳಿದ್ದೇನೆ. ಅವನು ಇನ್ನೂ ಗಿಟಾರನ್ನು ಮುಟ್ಟಿಲ್ಲ. ಮೊದಲು ಚೆನ್ನಾಗಿ ಕೇಳಿ ಆಮೇಲೆ ನೋಡುತ್ತಾನಂತೆ.

ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ರಾಮನಗರದ ಜಾನಪದ ಲೋಕದಂಥ ಸಂಸ್ಥೆಗಳು ನಾಡಿನ ಹಾಡುಗಳನ್ನು ಕಾಪಾಡುತ್ತಿವೆ. ನಿಮ್ಮ ಮನೆಯ ಹಾಡನ್ನು ನೀವೇ ಕಾಪಾಡಬೇಕು. ಬ್ರಿಸ್ಟಲ್ಲಿಗೆ ಯಂತ್ರಗಳನ್ನು ಹೊತ್ತು ತರಬೇಕಾಗಿತ್ತು. ಈಗ ಅದಕ್ಕಿಂತ ಉತ್ತಮವಾದ ಯಂತ್ರವು ಮನೆಮನೆಯಲ್ಲಿ ಜೇಬಿನಲ್ಲಿದೆ. ಮನೆಯ ಹಿರಿಯರು ಯಾವ ಕೆಲಸವನ್ನು ಮಾಡುತ್ತ ಹಾಡುತ್ತಿದ್ದರೋ ಆ ಕೆಲಸವನ್ನು ಅವರ ಕೈಗೆ ಕೊಟ್ಟು ಹಾಡಿಸಿರಿ. ಒಂದೇ ಕಡೆ ಇಡದೆ ಎರಡು ಮೂರು ಕಡೆ ಪ್ರತಿಯನ್ನಿಡಿರಿ. ಹಾಡು ಮುಗಿದ ಮೇಲೆ, ಗೌಹರ್ ಜಾನರಂತೆ, ಹಾಡಿದವರ ಬಾಯಿಂದಲೇ ಅವರ ಹೆಸರನ್ನೂ ಊರನ್ನೂ ಹೇಳಿಸಿರಿ.

ನನ್ನ ಮನೆಯಾಕೆಗೂ ಹಾಗೆಯೇ ಹೇಳಿದ್ದೆನು. ಪದ ಮುಗಿದಾಗ ಅವಳು ಕಲ್ಲನ್ನು ನಿಲ್ಲಿಸಿ, ಸೆರಗಿನಿಂದ ಮುಖವನ್ನು ಒರಸಿಕೊಂಡು, ತನ್ನ ಹೆಸರನ್ನು ಹೇಳಲಿಲ್ಲ. "ಇದು ನಮ್ಮತ್ತೆ ಪದ" ಎಂದಳು.